ಏಳನೆಯ ವರ್ಷದ ತಕ್ಷಣದ ಲಾಭ

ಸಣ್ಣ ರೈತರ ಆದಾಯ ಹೆಚ್ಚಿಸಲು ಪಣ ತೊಟ್ಟವರಿಗೆ ರೈತನ ಬಡತನ ಕಣ್ಣಿಗೆ ಬೀಳುವುದು ರಬ್ಬರಿನ ಧಾರಣೆ ಶಿಖರ ಮುಟ್ಟಿದ ದಿನ. ಅಂದೇ ವೇದಿಕೆ ಏಳುತ್ತದೆ, ಭಾಷಣದ ಜೊತೆಗೆ ಸಸಿಯೂ ಹಂಚಿಕೆಯಾಗುತ್ತದೆ, ಅಂದಿನ ಧಾರಣೆಯನ್ನು ಅಂದಾಜು ಇಳುವರಿಯಿಂದ ಗುಣಿಸಿದ ಕರಪತ್ರವೊಂದು ರೈತನ ಕೈ ಸೇರುತ್ತದೆ. ಗುಣಾಕಾರದಲ್ಲಿ ತಪ್ಪೇನಿಲ್ಲ; ಮರ ಅದನ್ನು ಓದಿಲ್ಲ, ಅಷ್ಟೆ.

ಕಾಂಡದ ಸುತ್ತಳತೆ ಸುಮಾರು 50 ಸೆಂಟಿಮೀಟರ್ ಆಗುವವರೆಗೆ ತೊಗಟೆ ಕೊರೆದು ರಬ್ಬರಿನ ಹಾಲು ಇಳಿಸುವ ಟ್ಯಾಪಿಂಗ್ ಕತ್ತಿಯನ್ನು ಮರಕ್ಕೆ ತಾಗಿಸುವಂತಿಲ್ಲ, ಅದಕ್ಕೆ 6ರಿಂದ 7 ವರ್ಷ ಬೇಕು. ಅಲ್ಲಿಯವರೆಗೆ ಹೊಟ್ಟೆಪಾಡೇನು ಎಂದು ಕೇಳಿದರೆ ಅಂತರ ಬೆಳೆ ಬೆಳೆಯಿರಿ ಎಂಬ ಉತ್ತರ ಸಿದ್ಧವಿದೆ. ಮೊದಲ ಮೂರು ವರ್ಷಗಳ ಮಟ್ಟಿಗೆ ಅದು ಒಳ್ಳೆಯ ಸಲಹೆಯೇ. ಆಮೇಲೆ ರೆಂಬೆಗಳು ಕೂಡಿಕೊಂಡು ತೋಟವೆಲ್ಲ ನೆರಳಾಗುತ್ತದೆ. ನೆರಳಿಗೆ ಯಾವ ಮಾರುಕಟ್ಟೆಯಲ್ಲಿಯೂ ಧಾರಣೆ ನಿಗದಿಯಾಗಿಲ್ಲವಾದ್ದರಿಂದ ರೈತ ಉಳಿದ ವರ್ಷಗಳನ್ನು ಅದರಡಿಯಲ್ಲಿ ಕುಳಿತು ಕರಪತ್ರ ಓದುತ್ತ ಕಳೆಯಬಹುದು.

2011ರಲ್ಲಿ ಜಾಗತಿಕ ಧಾರಣೆ ದಾಖಲೆಯ ಮಟ್ಟಕ್ಕೇರಿತ್ತು. ಅದನ್ನು ಕಂಡು ನೆಟ್ಟ ಗಿಡಗಳು ಹಾಲು ಕೊಡಲು ಅಣಿಯಾದಾಗ ಧಾರಣೆ ಅದರ ಅರ್ಧಕ್ಕಿಂತಲೂ ಕೆಳಗಿತ್ತು. ಇದರಲ್ಲಿ ವಿಧಿಯ ಕೈವಾಡವೇನಿಲ್ಲ: ಒಂದೇ ಕರಪತ್ರ ಓದಿ ಒಂದೇ ವರ್ಷ ನೆಟ್ಟವರೆಲ್ಲರ ಮರಗಳು ಒಟ್ಟಿಗೇ ಹಾಲು ಸುರಿಸುತ್ತವೆ, ಕಚ್ಚಾತೈಲ ಅಗ್ಗವಾದರೆ ಅದರಿಂದ ತಯಾರಾಗುವ ಕೃತಕ ರಬ್ಬರೂ ಅಗ್ಗವಾಗಿ ಪೈಪೋಟಿಗೆ ನಿಲ್ಲುತ್ತದೆ. ಜಗತ್ತಿನ ನೈಸರ್ಗಿಕ ರಬ್ಬರಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಬೆಳೆಯುವವರು ಸಣ್ಣ ಹಿಡುವಳಿದಾರರೇ. ಬೆಲೆ ಕಟ್ಟುವ ಶ್ರಮವನ್ನು ಮಾತ್ರ ಟೈರು ಕಾರ್ಖಾನೆಗಳೂ ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಕುದುರಿಸುವ ವಾಯಿದಾ ಮಾರುಕಟ್ಟೆಗಳೂ ರೈತನ ಮೇಲಿನ ಕನಿಕರದಿಂದ ತಾವೇ ಹೊತ್ತುಕೊಂಡಿವೆ. ಸೂರ್ಯ ಹುಟ್ಟುವ ಮುನ್ನವೇ ಎದ್ದು, ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆಂದು ಮರದಿಂದ ಮರಕ್ಕೆ ಓಡುವವನಿಗೆ ಅಷ್ಟಾದರೂ ಬಿಡುವು ಬೇಡವೇ?

ದೊಡ್ಡವರೂ ಎಡವಿದ್ದಾರೆ ಎಂಬುದು ಸಮಾಧಾನದ ಮಾತು. ಕಾರು ತಯಾರಿಸಿ ಜಗದ್ವಿಖ್ಯಾತನಾದ ಹೆನ್ರಿ ಫೋರ್ಡ್ 1928ರಲ್ಲಿ, ರಬ್ಬರಿನ ತವರಾದ ಅಮೆಜಾನ್ ಕಾಡಿನಲ್ಲಿಯೇ ತೋಟ ಹಾಕಲು ಹೊರಟ. ಒತ್ತೊತ್ತಾಗಿ ನೆಟ್ಟ ಮರಗಳಿಗೆ ಎಲೆರೋಗ ತಗುಲಿತು. 1945ರಲ್ಲಿ ಅವನ ಕಂಪನಿ ಭಾರೀ ನಷ್ಟ ಅನುಭವಿಸಿ ಆ ಭೂಮಿಯನ್ನು ಬ್ರೆಜಿಲ್ ಸರ್ಕಾರಕ್ಕೆ ಮರಳಿಸಿತು. ನಮ್ಮ ಸಣ್ಣ ರೈತ ಅರ್ಧ ಎಕರೆಯನ್ನು ಯಾವ ಸರ್ಕಾರಕ್ಕೆ ಮರಳಿಸಬೇಕೆಂಬುದನ್ನು ಮಾತ್ರ ಕರಪತ್ರದಲ್ಲಿ ಮುದ್ರಿಸಿಲ್ಲ.

ಆದರೆ ಅವನನ್ನು ಕೈಬಿಟ್ಟರೆಂದು ಯಾರೂ ದೂರುವಂತಿಲ್ಲ. ಹಾಲಿನ ಬೆಲೆ ಟ್ಯಾಪಿಂಗ್ ಕೂಲಿಗೂ ಸಾಲದ ವರ್ಷ ಅದೇ ವೇದಿಕೆ ಮತ್ತೆ ಎದ್ದಿತು, ಒಂದೇ ಬೆಳೆಯನ್ನು ನೆಚ್ಚಿದ್ದು ರೈತನ ತಪ್ಪೆಂದು ಅದೇ ಭಾಷಣಕಾರರು ಮೃದುವಾಗಿ ಗದರಿದರು, ಬೇರೊಂದು ಬೆಳೆಯ ಸಸಿಗಳನ್ನು ಹಂಚಿದರು. ಆ ಬೆಳೆಯ ಧಾರಣೆ ಈಗ ಶಿಖರದಲ್ಲಿದೆ.