ಸತ್ತವರ ದಿನಕರ್ಮ ಮುಗಿದ ಮೇಲೆ ಆ ಮನೆಗೆ ಹೋಗುವವರು ಯಾರು?

ಜಮಖಂಡಿ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಆದರೆ ಆ ಮನೆಯವರು ಯಾರೂ ಉಪವಾಸ ಮಲಗುವುದಿಲ್ಲ. ಎದುರು ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ, ಬಾಜು ಮನೆಯಿಂದ ಅನ್ನ ಸಾರು ಬರುತ್ತದೆ, ಬೀಗರು ಬುತ್ತಿ ಕಟ್ಟಿಕೊಂಡೇ ಬಸ್ಸು ಇಳಿಯುತ್ತಾರೆ. ಒಬ್ಬ ಕುಣಿ ತೋಡಿಸಲು ಹೊಲಕ್ಕೆ ಹೋದರೆ ಇನ್ನೊಬ್ಬ ಫೋನು ಹಿಡಿದು ಊರೂರಿಗೆ ಸುದ್ದಿ ಮುಟ್ಟಿಸುತ್ತಾನೆ. ಹೂವು, ವಿಭೂತಿ, ಹೊಸ ಬಟ್ಟೆ ಯಾರು ತಂದರು, ದುಡ್ಡು ಯಾರು ಕೊಟ್ಟರು ಎಂಬುದು ಮನೆಯವರಿಗೆ ಗೊತ್ತಾಗುವುದು ಎಷ್ಟೋ ದಿನದ ಮೇಲೆ. ರಾತ್ರಿ ಭಜನಿ ಮೇಳದವರು ದಮ್ಮಡಿ, ತಾಳ ಹಿಡಿದು ಬೆಳಗು ಹರಿಯುವ ತನಕ ಕೂಡುತ್ತಾರೆ. ಇದಕ್ಕೆ ಸಮನಾದದ್ದನ್ನು ನಾನು ಇಂಗ್ಲೆಂಡಿನಲ್ಲಿ ಕಂಡಿಲ್ಲ.

ಲೀಡ್ಸ್‌ನ ನಮ್ಮ ಬೀದಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಅಂತ್ಯಕ್ರಿಯೆ ನಡೆಸಿಕೊಡುವ ಕಂಪನಿಯವರು ದೇಹವನ್ನು ಆಸ್ಪತ್ರೆಯಿಂದಲೇ ಒಯ್ದರು, ಮನೆಗೆ ತರಲೇ ಇಲ್ಲ. ದಹನಕ್ಕೆ ಪಾಳಿ ಸಿಕ್ಕಿದ್ದು ಮೂರನೇ ವಾರ. ಅಷ್ಟೂ ದಿನ ಅವರ ಹೆಂಡತಿ ಮನೆಯಲ್ಲಿ ಒಬ್ಬರೇ. ಬೀದಿಯವರಿಗೆ ಕನಿಕರ ಇಲ್ಲವೆಂದಲ್ಲ. ಬಾಗಿಲಿನ ಟಪಾಲು ಕಿಂಡಿಯಿಂದ ಸಂತಾಪದ ಕಾರ್ಡು ಹಾಕಿ ಸದ್ದಿಲ್ಲದೆ ಹೋಗುತ್ತಿದ್ದರು. ದುಃಖದಲ್ಲಿರುವವರನ್ನು ಹೋಗಿ ಕಾಡಬಾರದು ಎಂಬುದು ಇಲ್ಲಿಯವರ ಮರ್ಯಾದೆ. ನನಗೆ ಮಾತ್ರ ತಡೆಯಲಾಗಲಿಲ್ಲ. ಡಬ್ಬಿಯಲ್ಲಿ ಬಿಸಿ ಅನ್ನ, ಬೇಳೆ ಸಾರು ಹಾಕಿಕೊಂಡು, ಫೋನು ಮಾಡದೆ ಹೋಗಿ ಬಾಗಿಲು ಬಡಿದೆ. ಆಕೆ ನನ್ನ ಕೈ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತೇ ಅತ್ತರು.

ಹಾಗಂತ ಇಲ್ಲಿಯವರಿಗೆ ಸಾವಿನ ಮನೆಯನ್ನು ನೋಡಿಕೊಳ್ಳಲು ಬರುವುದಿಲ್ಲ ಎಂದರೆ ಅನ್ಯಾಯವಾದೀತು. ನಮ್ಮವರು ಕೈಬಿಡುವ ಹೊತ್ತಿಗೆ ಇವರು ಕೈ ಹಿಡಿಯುತ್ತಾರೆ. ವೈದ್ಯರ ಪತ್ರ ರಿಜಿಸ್ಟ್ರಾರ್ ಕಚೇರಿಗೆ ಹೋದ ಮೇಲೆ 5 ದಿನದೊಳಗೆ ಸಾವಿನ ನೋಂದಣಿ ಆಗಬೇಕು. ಆಗಲೇ ‘ಟೆಲ್ ಅಸ್ ಒನ್ಸ್’ ಎಂಬ ಸೇವೆಯ ಸಂಖ್ಯೆ ಕೊಡುತ್ತಾರೆ. ಒಮ್ಮೆ ತಿಳಿಸಿದರೆ ಸಾಕು, ತೆರಿಗೆ, ಪಿಂಚಣಿ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಸ್ಥಳೀಯ ಆಡಳಿತ ಇವರಿಗೆಲ್ಲ ಸರಕಾರವೇ ಸುದ್ದಿ ಮುಟ್ಟಿಸುತ್ತದೆ. ಪಿಂಚಣಿ ವಯಸ್ಸಿಗೆ ಮುಂಚೆ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ, ಸತ್ತವರು ನ್ಯಾಷನಲ್ ಇನ್ಶೂರೆನ್ಸ್ ಎಂಬ ಸರಕಾರಿ ವಂತಿಗೆ ಕಟ್ಟಿದ್ದರೆ, ಮೊದಲಿಗೆ 2,500 ಪೌಂಡು, ಆಮೇಲೆ ತಿಂಗಳಿಗೆ 100ರಂತೆ 18 ತಿಂಗಳ ತನಕ ಸಿಗುತ್ತದೆ. ಮಕ್ಕಳಿದ್ದರೆ 3,500 ಮತ್ತು 350.

ದುಡ್ಡಿಗಿಂತ ನನ್ನ ಮನಸ್ಸಿಗೆ ನಾಟಿದ್ದು ಬೇರೆ. 1959ರಲ್ಲಿ ಮಾರ್ಗರೆಟ್ ಟಾರಿ ಎಂಬಾಕೆ ವಿಧವೆಯರಿಗಾಗಿ ಶುರು ಮಾಡಿದ ‘ಕ್ರೂಸ್’ ಎಂಬ ಸಂಸ್ಥೆ ಇವತ್ತು ಯಾರನ್ನೇ ಕಳೆದುಕೊಂಡವರಿಗೂ ಜೊತೆಯಾಗುತ್ತದೆ. ಅಲ್ಲಿ ಮಾತಾಡಿಸುವವರು ತರಬೇತಿ ಪಡೆದ ಸಾಮಾನ್ಯ ಜನ. ನಮ್ಮ ಬೀದಿಯ ಆ ಹೆಂಗಸಿನ ಹತ್ತಿರವೂ ಇಂಥ ಒಬ್ಬ ಸ್ವಯಂಸೇವಕಿ ಕೆಲವು ವಾರ ಬಂದು ಕೂಡುತ್ತಿದ್ದರು. ‘ಆದದ್ದು ಆಯಿತು’ ಎನ್ನಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಸತ್ತವರ ಹೆಸರು ಹಿಡಿದು ಅವರ ಬಗ್ಗೆಯೇ ಕೇಳುತ್ತಿದ್ದರು.

ನಮ್ಮ ಕಾಕಾ ಹೋದಾಗ ಚಿಗವ್ವನಿಗೆ ಇದು ಸಿಗಲಿಲ್ಲ. ದಿನ ಮಾಡಿ, ಅಯ್ಯನವರಿಗೆ ಊಟಕ್ಕೆ ಹಾಕಿ, ತವರಿನವರು ತಂದ ಸೀರೆ ಉಡಿಸಿ, ಪೆಂಡಾಲು ಬಿಚ್ಚಿದ ಮರುದಿನ ಮನೆ ಖಾಲಿ. ಅಲ್ಲಿಂದ ಕಾಗದಪತ್ರದ ಕಾಲ. ಮರಣ ಪ್ರಮಾಣಪತ್ರ ಬೇಕು. ಅದಕ್ಕೆ 21 ದಿನದೊಳಗೆ ಬರೆಸಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಆಗುವುದಿಲ್ಲ. ನಾಡಕಚೇರಿಯಿಂದ ವಂಶಾವಳಿ ತರಬೇಕು. ಅವೆರಡೂ ಕೈಗೆ ಬಂದ ಮೇಲೆ, ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ, ಆಮೇಲೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ವಾರಸಾ. ಕಬ್ಬಿನ ಬಿಲ್ಲು ಸತ್ತವರ ಖಾತೆಗೆ ಜಮಾ ಆಗಿ ಕೂತಿದೆ, ಸೊಸೈಟಿ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಚಿಗವ್ವನ ಹೆಸರು ಆಧಾರ್ ಕಾರ್ಡಿನಲ್ಲಿ ‘ಅವ್ವ’ ಎಂದು ಮುಗಿಯುತ್ತದೆ, ಬ್ಯಾಂಕಿನ ನಾಮಿನಿ ಕಾಲಮಿನಲ್ಲಿ ‘ಬಾಯಿ’ ಎಂದು. ಇಬ್ಬರೂ ಒಬ್ಬಳೇ ಎಂದು ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿ ಸಿಕ್ಕೆ ಹಾಕಿಸಿ ತರಬೇಕಾಯಿತು. ನಾಮಿನಿ ಇದ್ದರೆ ಕಾಗದಪತ್ರ ಕೊಟ್ಟ 15 ದಿನದೊಳಗೆ ಬ್ಯಾಂಕು ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದನ್ನು ಕೌಂಟರಿನ ಮುಂದೆ ನಿಂತು ಹೇಳುವ ಧೈರ್ಯ ಆಕೆಗೆ ಎಲ್ಲಿಂದ ಬರಬೇಕು?

“ಎಲ್ಲಾರೂ ಬಂದ್ರು, ಎಲ್ಲಾರೂ ಹ್ವಾದ್ರು. ಈಗ ನಾ ಯಾರ ಅಂತ ನಾನ ಹೇಳಿ ಒಪ್ಪಸಬೇಕಾಗೈತಿ ಯವ್ವಾ” ಅಂತ ಫೋನಿನಲ್ಲಿ ಅಂದಳು.

ಆಕೆಗೆ ದಾರಿ ತೋರಿಸಿದ್ದು ಓಣಿಯ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು. ಕಾಕಾನ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿದಳು. ಮೇ ತಿಂಗಳಲ್ಲಿ 436 ರೂಪಾಯಿ ಕಡಿತವಾದದ್ದು ಕಂಡಿತು. “ಅಕ್ಕಾರ, ಇದು ಜೀವನಜ್ಯೋತಿ ವಿಮೆದ್ದು, ಎರಡು ಲಕ್ಷ ಬರ್ತೈತಿ, ಅರ್ಜಿ ಹಾಕ್ರಿ” ಅಂದಳು. ಮನೆಯ ಗಂಡಸರು ಯಾರಿಗೂ ಇದು ಗೊತ್ತಿರಲಿಲ್ಲ. ಬಿಪಿಎಲ್ ಮನೆಯ ದುಡಿಯುವ ಯಜಮಾನ 18ರಿಂದ 59ರ ವಯಸ್ಸಿನಲ್ಲಿ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಸಿಗುತ್ತದೆ ಎಂಬುದನ್ನೂ ಹೇಳಿದವಳು ಅವಳೇ. ಒಂದು ಪಾಸ್‌ಬುಕ್ಕು ಓದಲು ಬರುವ ಒಬ್ಬ ಹೆಂಗಸು ಅಷ್ಟು ದೊಡ್ಡ ಆಧಾರವಾದಳು.

ಇಲ್ಲಿ ಒಂದು ಕಹಿ ಮಾತು ಆಡಲೇಬೇಕು. ಗಂಡ ಸತ್ತ ಹೆಣ್ಣುಮಗಳು ಇಷ್ಟು ದಿನ ಮನೆಬಿಟ್ಟು ಹೊರಬರಬಾರದು ಎಂದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ ಕೂರಿಸುತ್ತಾರೆ. ಬ್ಯಾಂಕಿಗೆ, ತಹಶೀಲ್ದಾರ ಕಚೇರಿಗೆ ಭಾವ ಹೋಗುತ್ತಾನೆ, ಮೈದುನ ಹೋಗುತ್ತಾನೆ. ಅವರು ಒಳ್ಳೆಯವರಾಗಿದ್ದರೆ ಸರಿ. ಇಲ್ಲವಾದರೆ ಅಳುತ್ತ ಕೂತವಳ ಹೆಬ್ಬೆಟ್ಟು ಯಾವ ಹಾಳೆಯ ಮೇಲೆ ಬಿತ್ತು ಎಂಬುದು ಅವಳಿಗೆ ತಿಳಿಯುವ ಹೊತ್ತಿಗೆ ಹೊಲದ ಹಕ್ಕು ಹೋಗಿರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಗ, ಮಗಳು, ತಾಯಿ ಎಲ್ಲರೂ ಮೊದಲ ಸಾಲಿನ ವಾರಸುದಾರರು. ಕಾಯ್ದೆ ಕೊಟ್ಟದ್ದನ್ನು ಸಂಪ್ರದಾಯದ ಹೆಸರಿನಲ್ಲಿ ಕಸಿಯಬಾರದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮದವರು 2022ರ ಮೇ ತಿಂಗಳಲ್ಲಿ ಗ್ರಾಮಸಭೆ ಕೂಡಿಸಿ, ಗಂಡ ಸತ್ತವಳ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ಕಾಲುಂಗುರ ತೆಗೆಯುವುದನ್ನು ನಿಲ್ಲಿಸಬೇಕೆಂದು ಠರಾವು ಮಾಡಿದರು. ಬೇರೆ ಊರುಗಳೂ ಹಾಗೆ ಮಾಡಲೆಂದು ಮಹಾರಾಷ್ಟ್ರ ಸರಕಾರವೇ ಹೇಳಿತು. ಗಡಿಯ ಆಚೆ ಆದದ್ದು ಈಚೆ ಯಾಕೆ ಆಗಬಾರದು?

ಅಳುವ ವಿಷಯದಲ್ಲಿ ನಮ್ಮವರು ಶ್ರೀಮಂತರು. ನಮ್ಮ ಹಿರಿಯ ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರೆ. ಸತ್ತವನು ಸಾಕಿದ ಎತ್ತು, ಹಚ್ಚಿದ ಬೇವಿನ ಗಿಡ, ತಂಗಿಗೆ ತಂದ ಇಳಕಲ್ ಸೀರೆ ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ಎದೆಯೊಳಗಿನದು ಹೊರಗೆ ಬೀಳುತ್ತದೆ. ಆದರೆ ದಿನ ಮುಗಿಯಿತೋ, ಅಳುವ ಹಕ್ಕೂ ಮುಗಿಯಿತು. “ಇನ್ನೂ ಎಷ್ಟಂತ ಅಳ್ತಿ, ಮಕ್ಕಳ ಮಾರಿ ನೋಡು” ಎನ್ನುತ್ತಾರೆ. ಮಗನಿಗಂತೂ ಮೊದಲ ದಿನದಿಂದಲೇ “ನೀನ ಗಟ್ಟಿ ಆಗಬೇಕು” ಎಂಬ ಮಾತು. ಕಾಕಾನ ಮಗ ಹತ್ತೊಂಬತ್ತರ ಹುಡುಗ, ಕಾಲೇಜು ಬಿಟ್ಟು ಹೊಲ ಹಿಡಿದ. ಅವನ ಜೊತೆ ಸಾಲದ ಬಗ್ಗೆ ಮಾತಾಡಿದವರು ಬಹಳ, ಅಪ್ಪನ ಬಗ್ಗೆ ಮಾತಾಡಿದವರು ಇಲ್ಲ.

ಲೀಡ್ಸ್‌ನ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಹೋಗಿ ಬಾಗಲಕೋಟೆಯಲ್ಲಿ ಇಡಬೇಕು ಎಂದು ನಾನು ಹೇಳುತ್ತಿಲ್ಲ. ಮಾತಾಡಿಸಲು ಹೋಗುವ ರೂಢಿ ನಮ್ಮಲ್ಲೇ ಇದೆ, ಅದು ಎರಡನೇ ತಿಂಗಳಿಗೂ, ಮೊದಲ ದೀಪಾವಳಿಗೂ, ವರ್ಷದ ದಿನಕ್ಕೂ ಮುಂದುವರಿಯಲಿ. ಓಣಿಗೊಂದು ಸಂಘವಿದೆ, ಅದರಲ್ಲಿ ಗಂಡನನ್ನು ಕಳೆದುಕೊಂಡು ಇದೇ ಕಚೇರಿಗಳನ್ನು ಅಲೆದ ಹೆಂಗಸರಿದ್ದಾರೆ. ಹೊಸದಾಗಿ ದುಃಖಕ್ಕೆ ಬಿದ್ದವಳ ಜೊತೆ ಬ್ಯಾಂಕಿಗೆ, ನಾಡಕಚೇರಿಗೆ ಹೋಗಲು ಅವರಿಗಿಂತ ಯೋಗ್ಯರು ಯಾರು? ಪಂಚಾಯಿತಿಯವರು ಮರಣ ಪ್ರಮಾಣಪತ್ರ ಕೊಡುವಾಗಲೇ ಮುಂದೆ ಯಾವ್ಯಾವ ಅರ್ಜಿ, ಎಲ್ಲಿ, ಯಾವ ಕಾಗದ ಎಂದು ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ಖರ್ಚು ಏನೂ ಆಗದು. ರಾತ್ರಿ ನಿದ್ದೆ ಬಾರದೆ, ಜೀವ ಬೇಡವೆನಿಸಿ ಕೂತವರಿಗೆ 14416 ಎಂಬ ಟೆಲಿಮನಸ್ ಸಹಾಯವಾಣಿ ಸಂಖ್ಯೆ ಇದೆ. ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ಹಾಳೆಯಲ್ಲಿ ಈ ಸಂಖ್ಯೆಯೂ ಇರಲಿ.

ಇಷ್ಟಕ್ಕೂ ಸರಕಾರದ ದಾರಿ ಕಾಯಬೇಕಿಲ್ಲ. ದಿನದ ಊಟಕ್ಕೆ ಬಂಧು ಬಳಗ ಎಲ್ಲ ಕೂಡಿರುತ್ತಾರೆ. ಹೊರಡುವ ಮುಂಚೆ ಹಿರಿಯರು ಇಬ್ಬರ ಹೆಸರು ಗೊತ್ತುಮಾಡಲಿ: ಕಾಗದಪತ್ರಕ್ಕೆ ಒಬ್ಬರು, ವಾರಕ್ಕೊಮ್ಮೆ ಬಂದು ಕೂತು ಹೋಗಲು ಇನ್ನೊಬ್ಬರು. ಆರು ತಿಂಗಳ ಮಟ್ಟಿಗಾದರೂ ಸರಿ. ನನ್ನ ತಮ್ಮನಿಗೆ, ಅಂದರೆ ಕಾಕಾನ ಮಗನಿಗೆ, ಈಗ ರವಿವಾರ ಸಂಜೆ ನಾನೇ ಫೋನು ಮಾಡುತ್ತೇನೆ. ಹೊಲದ ಲೆಕ್ಕ ಕೇಳುವುದಿಲ್ಲ. ಅಪ್ಪ ಕಬ್ಬಿಗೆ ನೀರು ಬಿಡುವಾಗ ಯಾವ ಹಾಡು ಗುನುಗುತ್ತಿದ್ದ, ಜಾತ್ರೆಯಲ್ಲಿ ಏನು ಕೊಡಿಸುತ್ತಿದ್ದ ಎಂದು ಕೇಳುತ್ತೇನೆ. ಹುಡುಗ ಹೇಳುತ್ತಾನೆ, ಕೆಲವೊಮ್ಮೆ ಅಳುತ್ತಾನೆ, ಮುಂದಿನ ವಾರ ನಾನು ಮಾಡುವ ಮುಂಚೆ ತಾನೇ ಫೋನು ಮಾಡುತ್ತಾನೆ.