ಹಾವಿಗೊಂದು ಹೆಸರು, ಸುಬ್ರಾಯ ಮಾವನನ್ನು ಬಿಟ್ಟು

ಅಮೆರಿಕದ ಡಲ್ಲಾಸ್‌ನಲ್ಲಿರುವ ಅಕ್ಕನ ಮಗ ಹಾವು ಸಾಕಿದ್ದಾನೆಂಬ ಸುದ್ದಿ ಶಿರಸಿ ಸಮೀಪದ ನಮ್ಮ ಮನೆಗೆ ಬಂದಾಗ ಯಾರೂ ಅಷ್ಟೇನೂ ಗಾಬರಿಯಾಗಲಿಲ್ಲ. ಮದುವೆಗೆ ಹೆಣ್ಣು ಸಿಗದ ಹುಡುಗರು ಏನನ್ನಾದರೂ ಸಾಕಿಕೊಂಡಿರುವುದು ನಮ್ಮ ಕಡೆಯೂ ಈಚೆಗೆ ರೂಢಿಯೇ. ಗದ್ದಲ ಶುರುವಾದದ್ದು, ಅದಕ್ಕೊಂದು ಒಳ್ಳೆಯ ಹೆಸರು ಸೂಚಿಸಿ ಎಂದು ಅವನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೇಳಿಕೊಂಡ ಮೇಲೆ.

ಹಾವು ಮಿಶ್ರತಳಿಯದು. ತಾಯಿ ಕಾರ್ನ್ ಸ್ನೇಕ್, ಅಂದರೆ ಇಲಿ ತಿಂದುಕೊಂಡು ತನ್ನ ಪಾಡಿಗೆ ತಾನಿರುವ, ನಮ್ಮ ಕೆರೆಹಾವಿನ ದೂರದ ದಾಯಾದಿ. ತಂದೆ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್. ಇದು ಇತರ ಹಾವುಗಳನ್ನೇ ನುಂಗುವ, ರ‍್ಯಾಟಲ್ ಸ್ನೇಕಿನ ವಿಷಕ್ಕೂ ಜಗ್ಗದ ಜಾತಿಯಾದ್ದರಿಂದ, ಹೆಂಡತಿಯನ್ನೇ ಊಟವೆಂದು ತಿಳಿಯದಿರಲಿ ಎಂದು ವರನಿಗೆ ಮೊದಲು ಹೊಟ್ಟೆ ತುಂಬ ಉಣಿಸಿ ಜೊತೆಗೆ ಬಿಡುತ್ತಾರಂತೆ. ಹುಟ್ಟಿದ ಮರಿಗಳನ್ನು ಅಲ್ಲಿಯವರು ಜಂಗಲ್ ಕಾರ್ನ್ ಎನ್ನುತ್ತಾರೆ. ಈ ಅಂತರ್ಜಾತೀಯ ವಿವಾಹದಿಂದ ನಮ್ಮಲ್ಲಿ ಅತ್ಯಂತ ಸಂತೋಷಪಟ್ಟವರು ದೊಡ್ಡಪ್ಪ. ನಾಗರಹಾವಿಗೂ ಕೆರೆಹಾವಿಗೂ ಸಂಬಂಧ ಕೂಡುತ್ತದೆಂದು ಅವರು ಮೊದಲಿನಿಂದಲೂ ನಂಬಿದವರು. ತೋಟದ ಅಂಚಿನಲ್ಲಿ ಹೆಣೆದುಕೊಂಡು ಎದ್ದು ನಿಲ್ಲುವ ಜೋಡಿ ಬಹುತೇಕ ಕುಸ್ತಿಗಿಳಿದ ಎರಡು ಗಂಡು ಕೆರೆಹಾವುಗಳೆಂದು ಎಷ್ಟು ಹೇಳಿದರೂ ಒಪ್ಪದಿದ್ದ ಅವರು, "ಅಮೆರಿಕದಲ್ಲಿ ಆಗ್ತು, ಇಲ್ಲಿ ಆಗ್ತಿಲ್ಯ?" ಎಂದು ಕೇಳಿ ನಮ್ಮ ಬಾಯಿ ಮುಚ್ಚಿಸಿದರು.

"ತಮಾ, ಹಾವಿಗೆ ಹೆಸರೆಂತಕ್ಕೆ? ಕರದ್ರೆ ಬತ್ತಾ ಅದು?" ಎಂದು ಆಯಿ ಕೇಳಿದ ಪ್ರಶ್ನೆ ಶಾಸ್ತ್ರೀಯವಾಗಿಯೂ ಸರಿಯಾದದ್ದು. ಹಾವಿಗೆ ಹೊರಗಿವಿಯಿಲ್ಲ, ನೆಲದ ಕಂಪನ, ತಗ್ಗಿದ ಸದ್ದು ತಿಳಿದೀತೇ ಹೊರತು ಹೆಸರು ಕೇಳಿ ಓಡಿಬರುವ ಪ್ರಾಣಿ ಅದಲ್ಲ. ಆದರೆ ಆಗಲೇ ಗುಂಪು ಆಯಿಯ ಕೈಮೀರಿ ಹೋಗಿತ್ತು. ಪುರೋಹಿತ ಭಟ್ಟರು ನಕ್ಷತ್ರ ಕೇಳಿದರು. ಮೊಟ್ಟೆಯಿಟ್ಟ ಗಳಿಗೆಯೋ ಒಡೆದ ಗಳಿಗೆಯೋ ಎಂಬ ಚರ್ಚೆ ಎದ್ದು, ಎರಡು ಸಲ ಹುಟ್ಟುವುದರಿಂದ ಹಾವೂ ದ್ವಿಜವೇ ಎಂಬಲ್ಲಿಗೆ ತಲುಪಿ, ಹೆಚ್ಚು ಮುಂದುವರಿಸುವುದು ಬೇಡವೆಂದು ನಿಂತಿತು.

ನಿಜವಾದ ತೊಡಕು ಬೇರೆಯೇ ಇತ್ತು. ನಮ್ಮ ಜಿಲ್ಲೆಯಲ್ಲಿ ಹಾವಿನ ಹೆಸರುಗಳನ್ನೆಲ್ಲ ಮನುಷ್ಯರೇ ಇಟ್ಟುಕೊಂಡು ಮುಗಿಸಿದ್ದಾರೆ. ನವನಾಗ ಸ್ತೋತ್ರವನ್ನು ಮೊದಲಿನಿಂದ ತೆಗೆದುಕೊಂಡರೆ ಅನಂತ ನಮ್ಮ ಭಾವ, ವಾಸುಕಿ ಪಕ್ಕದ ಮನೆಯ ಕೂಸು, ಶೇಷ ಎಂದರೆ ಶೇಷಗಿರಿ ಚಿಕ್ಕಪ್ಪ, ಪದ್ಮನಾಭ ನಮಗೆ ಲೆಕ್ಕ ಕಲಿಸಿದ ಮಾಸ್ತರರು. ನಾಗಪತಿ, ನಾಗವೇಣಿ, ನಾಗರತ್ನ ಪ್ರತಿ ಮನೆಯಲ್ಲೂ ಇದ್ದಾರೆ. ಉಳಿದವರಲ್ಲಿ ತಕ್ಷಕ ಪರೀಕ್ಷಿತನನ್ನು ಕೊಂದವನಾದ್ದರಿಂದ ವಿಷವಿಲ್ಲದ ಹಾವಿಗೆ ಹೊರೆಯಾದೀತು. ಪೊರೆ ಬಿಡುವ ಮುನ್ನ ಹಾವಿನ ಕಣ್ಣು ಮಂಜಾಗಿ ದೃಷ್ಟಿ ಮಸುಕಾಗುವುದರಿಂದ ಧೃತರಾಷ್ಟ್ರ ಎಂಬ ಹೆಸರು ನನಗೆ ಬಹಳ ಹಿಡಿಸಿತ್ತು, ಯಾರೂ ಬೆಂಬಲಿಸಲಿಲ್ಲ.

ಈ ಕಾಯುವಿಕೆಯಲ್ಲಿ ಬೇಸತ್ತ ಹುಡುಗ, ಸುಬ್ರಹ್ಮಣ್ಯನ ಹೆಸರಾದರೆ ಯಾರೂ ಬೇಡವೆನ್ನಲಾರರೆಂದು ಸುಬ್ರಾಯ ಎಂದೇ ಕರೆಯತೊಡಗಿದ. ಯಲ್ಲಾಪುರದ ಕಡೆ ನಮಗೊಬ್ಬ ಸುಬ್ರಾಯ ಮಾವನಿದ್ದಾರೆ, ಕಣ್ಣಿನ ಪೊರೆ ತೆಗೆಸಿಕೊಂಡು ಆಗಷ್ಟೇ ಮನೆಗೆ ಬಂದಿದ್ದರು. "ಸುಬ್ರಾಯ ಏನೂ ತಿನ್ನುತ್ತಿಲ್ಲ. ಕಣ್ಣು ಬೆಳ್ಳಗೆ ಮಂಜಾಗಿದೆ, ಮೂಲೆ ಬಿಟ್ಟು ಏಳುವುದಿಲ್ಲ" ಎಂಬ ಸಂದೇಶ ಡಲ್ಲಾಸಿನಿಂದ ಬಂತು. ಪಕ್ಕದ ಊರಿನ ಸುದ್ದಿ ಅಮೆರಿಕದಿಂದ ತಿಳಿಯುವುದು ಈಗ ಮಾಮೂಲಾದ್ದರಿಂದ, ಹುಡುಗ ಹಿರಿಯರನ್ನು ಏಕವಚನದಲ್ಲಿ ಕರೆಯಲು ಕಲಿತನಲ್ಲ ಎಂಬುದನ್ನು ಬಿಟ್ಟರೆ ಯಾರಿಗೂ ಅನುಮಾನ ಬರಲಿಲ್ಲ. ಮೂಸಂಬಿ, ಬ್ರೆಡ್ಡು ಹಿಡಿದು ಹೋದ ನೆಂಟರಿಗೆ ಕಂಡದ್ದು ಕರಿಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಅಡಿಕೆ ಸುಲಿಯುತ್ತ ಕೂತಿದ್ದ ಮಾವ. ಅವರನ್ನು ಸಮಾಧಾನಪಡಿಸಿ ಚಹಾ ಕುಡಿಸುವಷ್ಟರಲ್ಲಿ ಇನ್ನೊಂದು ಸಂದೇಶ ಬಂತು: "ಸುಬ್ರಾಯ ಬೆಳಗ್ಗೆ ಪೂರ್ತಿ ಚರ್ಮ ಕಳಚಿದ, ಬಾಲದವರೆಗೂ ಒಂದೇ ತುಂಡು." ಜೊತೆಗೆ ಫೋಟೊ. ಮಾವ ಅದೇ ಕ್ಷಣ ಗುಂಪು ತೊರೆದರು, ಮೂಸಂಬಿಯನ್ನು ಮಾತ್ರ ಇಟ್ಟುಕೊಂಡರು.

ಕಡೆಗೆ ದಾರಿ ತೋರಿಸಿದವರು ಶೇಷಗಿರಿ ಚಿಕ್ಕಪ್ಪ. ತೋಟದಲ್ಲಿ ಮಿಶ್ರತಳಿಗೆ ಹೆಸರಿಡುವ ಪದ್ಧತಿ ಇದ್ದೇ ಇದೆಯಲ್ಲ ಎಂಬುದು ಅವರ ವಾದ. ಉತಿರನ್‌ಕೊಟ್ಟ, ಚೆರಿಯಕಣಿಯಕ್ಕಾಡನ್ ಎಂಬ ಎರಡು ಕಾಳುಮೆಣಸುಗಳನ್ನು ಕೂಡಿಸಿ ಪಡೆದ ತಳಿಗೆ ಕೇರಳದ ಸಂಶೋಧನಾ ಕೇಂದ್ರವು ಅಪ್ಪ ಅಮ್ಮನ ಹೆಸರಿನ ಗೋಜಿಗೇ ಹೋಗದೆ ತನ್ನ ಊರಿನ ಹೆಸರಿಟ್ಟು, 1971ರಲ್ಲಿ ಪಣಿಯೂರು-1 ಎಂದು ಬಿಡುಗಡೆ ಮಾಡಿತು. ಅದೇ ಹೆಸರಿಗೆ ಒಂದು ಮಹಾಪ್ರಾಣ ಕೊಟ್ಟು ಫಣಿಯೂರು ಎನ್ನಿ ಎಂದರು ಚಿಕ್ಕಪ್ಪ. ಹುಡುಗ ಒಪ್ಪಿದ, ಭಟ್ಟರೂ ಒಪ್ಪಿದರು, ಆದರೆ ಫೋನಿನ ಕೀಲಿಮಣೆಯಲ್ಲಿ ಮಹಾಪ್ರಾಣಕ್ಕಾಗಿ ಯಾರೂ ಕಷ್ಟಪಡಲಿಲ್ಲ.

ಈ ಮಳೆಗಾಲದಲ್ಲಿ ಚಿಕ್ಕಪ್ಪ ಗುಂಪಿನಲ್ಲಿ ಬರೆದರು: "ಪಣಿಯೂರಿಗೆ ಸೊರಗು ರೋಗ ಬಂದಿದೆ, ಬುಡದಿಂದಲೇ ಕೊಳೆಯುತ್ತಿದೆ. ನಾಳೆ ಶೇಕಡ 1ರ ಬೋರ್ಡೋ ದ್ರಾವಣ ಹೊಡೆಸುತ್ತೇನೆ." ಬೆಂಗಳೂರಿನ ಅತ್ತೆ ಮರುಗಳಿಗೆಯೇ ಡಲ್ಲಾಸಿಗೆ ಫೋನು ಮಾಡಿ ಹುಡುಗನನ್ನು ಸಂತೈಸಿದ್ದಾರೆ. ಆಮೇಲೆ ನನಗೂ ಮಾಡಿದರು. ಹಾವಿಗೆ ಬುಡ ಯಾವ ಕಡೆಗೆ ಇರುತ್ತದೆಂದು ತಿಳಿಯಬೇಕಿತ್ತಂತೆ.