ಸತ್ಯಾಂಶ: ಮನೆಮಾತು ಇಂಗ್ಲಿಷ್‌ಗೆ ಅಡ್ಡಿಯಲ್ಲ

ಮನೆಯಲ್ಲೂ ಇಂಗ್ಲಿಷ್ ಅಷ್ಟೇ ಮಾತಾಡಿ, ಇಲ್ಲದಿದ್ದರೆ ಮಗು ಗೊಂದಲಕ್ಕೆ ಬೀಳುತ್ತೆ ಅನ್ನೋ ಮೆಸೇಜ್ ಆಗಾಗ ಬರುತ್ತಿರುತ್ತದೆ. ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಅದು ತಪ್ಪು. ಎರಡು ಭಾಷೆ ಕೇಳಿದ ಮಾತ್ರಕ್ಕೆ ಮಗುವಿನ ಮಾತು ತಡವಾಗಲ್ಲ. ರಾಯಚೂರಿನ ಮಕ್ಕಳು ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಸಲೀಸಾಗಿ ಆಡ್ತಾರಲ್ವಾ?

ದ್ವಿಭಾಷಾ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿಯಲ್ಲೂ ಮನೆಮಾತನ್ನು ಬಳಸಿಕೊಳ್ಳಲು ಹೇಳುತ್ತಾರೆ. ಒದ್ದೆ ಬಟ್ಟೆ ಯಾಕೆ ಒಣಗುತ್ತೆ ಅಂತ ಮೊದಲು ಮಕ್ಕಳ ಮಾತಲ್ಲೇ ಕೇಳಿ, ಆಮೇಲೆ ‘ಇವ್ಯಾಪರೇಶನ್’ (ನೀರು ಆವಿಯಾಗುವುದು) ಅನ್ನೋ ಪದ ಕೊಡುವುದು. ವಿಷಯ ಆಗಲೇ ತಲೆಗೆ ಹೋಗಿರುತ್ತೆ. ಇಂಗ್ಲಿಷ್ ಜಾಸ್ತಿ ಕೇಳಬೇಕು, ಆಡಬೇಕು, ಅದು ನಿಜ. ಅದಕ್ಕೆ ಮನೆಮಾತು ಬಿಡಬೇಕಿಲ್ಲ.

ಅಂಥ ಮೆಸೇಜ್‌ನಲ್ಲಿ ಸುಮ್ನೆ ‘ಸಂಶೋಧನೆ’ ಅಂತಿದ್ದರೆ ಯಾರದು, ಯಾವ ವರ್ಷದ್ದು ನೋಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಟರ್ನೆಟ್‌ನಲ್ಲೇ ಸಿಗುತ್ತದೆ. ಅದರ 4.11ನೇ ಅಂಶ ಓದಿ: ಸಾಧ್ಯವಾದ ಕಡೆ ಕನಿಷ್ಠ 5ನೇ ತರಗತಿವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲೇ ಪಾಠ ಅಂತಿದೆ.